ಸಾಹುಕಾರನ ಬಿಳಿ ಧೋತರ

ನಾನು ಬೀದರಿನವಳು. ಹೋದ ವರ್ಷ ಒಂದು ನೀಳ್ಗತೆ ಬರೆದೆ. ವಾಡೆಯ, ಅಂದರೆ ಹಳೆಯ ದೊಡ್ಡ ಮನೆಯ, ಸಾಹುಕಾರ ಒಬ್ಬ, ಅವನಿಗೆ ಬಿದ್ರಿ ಹುಕ್ಕಾ ಮಾಡಿಕೊಡುವವನು ಇನ್ನೊಬ್ಬ. ಸಾಹುಕಾರನ ದರ್ಪ ಕಂಡ ಕೂಡಲೇ ತಿಳಿಯಲಿ ಅಂತ ಅವನಿಗೆ ಕೆಂಪು ರುಮಾಲು, ಜರಿ ಶಲ್ಯ, ಬಂಗಾರದ ಗುಂಡಿ ಎಲ್ಲ ಹಾಕಿದ್ದೆ.

ಅವ್ವನಿಗೆ ಓದಿ ಹೇಳಿದೆ. "ಕೆಂಪು ರುಮಾಲು ಜಾತ್ರ್ಯಾಗ ಎಲ್ಲಾರ ತಲಿ ಮ್ಯಾಲೂ ಇರ್ತದ. ಇಂವ ಸಾಹುಕಾರ ಅಂತ ಹ್ಯಾಂಗ ತಿಳಿಬೇಕು?" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಉತ್ತರ ಸಿಕ್ಕಿದ್ದು ಬಿದ್ರಿ ಕೆಲಸ ನೋಡುತ್ತಾ ಕೂತಾಗ. ಬಿದ್ರಿ ಲೋಹದಲ್ಲಿ ಸತುವು ಜಾಸ್ತಿ, ತಾಮ್ರ ಸ್ವಲ್ಪ. ಅದರ ಬಣ್ಣ ಬೂದು. ಅದರಲ್ಲಿ ಬೆಳ್ಳಿ ಕೂರಿಸಿ ಉಜ್ಜಿದರೆ ಎರಡೂ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತವೆ. ಅಷ್ಟು ದಿನ ಕೆತ್ತಿದ ಹೂಬಳ್ಳಿ ಎಲ್ಲಿದೆ ಅಂತ ಹುಡುಕಬೇಕು. ಆಮೇಲೆ ಕೋಟೆಯ ಮಣ್ಣು, ನವಸಾಗರ ಅನ್ನುವ ಉಪ್ಪು ಕಲಸಿ ಬಿಸಿಯಾಗಿ ಹಚ್ಚುತ್ತಾರೆ. ಲೋಹ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಉಳಿಯುತ್ತದೆ. ಆಗ ನೋಡಿ ಬೆಳ್ಳಿಯ ಬೆಲೆ! ಅದನ್ನು ಬೆಳಗಿಸಿದ್ದು ಪಕ್ಕದ ಕಪ್ಪು.

ಮನೆಗೆ ಬಂದು ರುಮಾಲು, ಜರಿ ಎಲ್ಲ ಹೊಡೆದುಹಾಕಿದೆ. ಸಾಹುಕಾರನಿಗೆ ಬರೀ ಬಿಳಿ ಧೋತರ ಉಡಿಸಿದೆ. ನಮ್ಮದು ಕೆಂಪು ಜಂಬಿಟ್ಟಿಗೆ ನೆಲ, ಅಲ್ವಾ? ಮಳೆಗಾಲದಲ್ಲಿ ಹತ್ತು ಹೆಜ್ಜೆ ನಡೆದರೆ ಮೊಣಕಾಲವರೆಗೆ ಕೆಂಪು. ಇಂಥ ಊರಲ್ಲಿ ಒಬ್ಬನ ಧೋತರ ಸಂಜೆಯವರೆಗೂ ಬೆಳ್ಳಗಿದೆ ಅಂದರೆ ಅವನು ಕೆಸರಿಗೆ ಇಳಿದಿಲ್ಲ. ಅವನ ಬದಲು ಬೇರೆಯವರು ಇಳಿದಿದ್ದಾರೆ. ಹಾಗಾಗಿ ಒಗೆಯುವ ಹೆಣ್ಣುಮಗಳೊಬ್ಬಳು ಕತೆಯೊಳಗೆ ಬಂದಳು. ಧೋತರಕ್ಕೆ ನೀಲಿ ಹಾಕಿ ಹಿಂಡುವ ಅವಳ ಕೈ ಬಂತು. ಟಾಂಗಾದಿಂದ ಬಾಗಿಲವರೆಗೆ ಹಲಗೆ ಹಾಸುವ ಹುಡುಗ ಬಂದ. ಆ ಹುಡುಗನ ಕೆಂಪು ಕಾಲಿನ ಪಕ್ಕದಲ್ಲೇ ಸಾಹುಕಾರನ ಬಿಳಿ ಅಂಚು ಹಾದುಹೋಗುವಂತೆ ಬರೆದೆ. 'ಶ್ರೀಮಂತ' ಅನ್ನುವ ಪದವೇ ಬೇಕಾಗಲಿಲ್ಲ.

ಹಳೆಯ ಸಿರಿಯನ್ನು ತೋರಿಸುವುದು ಇನ್ನೂ ಕಷ್ಟವಾಯಿತು. ಅದಕ್ಕೆ ಕಲಬುರಗಿಯ ಬಹಮನಿ ಸಿಂಹಾಸನ ನೆರವಾಯಿತು. ತೆಲಂಗಾಣದ ದೊರೆಯಿಂದ ಒಂದನೇ ಮಹಮ್ಮದ್ ಶಾನಿಗೆ ಬಂದ ಅದರ ಹೆಸರು ತಖ್ತ್-ಎ-ಫಿರೋಜಾ. ಫಿರೋಜಾ ಅಂದರೆ ಹಸಿರು ಬೆರೆತ ನೀಲಿ ಕಲ್ಲು. ಮೈಮೇಲಿನ ನೀಲಿ ಲೇಪದಿಂದ ಬಂದ ಹೆಸರದು. ಮುಂದಿನ ಸುಲ್ತಾನರು ರತ್ನದ ಮೇಲೆ ರತ್ನ ಕೂರಿಸಿ ಕೊನೆಗೆ ಆ ನೀಲಿಯೇ ಕಾಣದಂತಾಯಿತು ಅಂತ ಇತಿಹಾಸಕಾರ ಫಿರಿಷ್ತಾ ಬರೆದಿದ್ದಾನೆ. ಇದನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ. ನನ್ನ ವಾಡೆಯ ಬಾಗಿಲಿಗೂ ನೀಲಿ ಬಳಿದೆ. ಮೂರು ತಲೆಮಾರು ಅದರ ಮೇಲೆ ಹಿತ್ತಾಳೆ ಹೂ, ಹಿತ್ತಾಳೆ ಪಟ್ಟಿ ಬಡಿಯುತ್ತಾ ಹೋದರು. ಊರವರು ಮಾತ್ರ ಈಗಲೂ ಅದನ್ನು 'ನೀಲಿ ಬಾಗಿಲು' ಅಂತಲೇ ಕರೆಯುತ್ತಾರೆ. ಸಾಲ ಹೆಚ್ಚಾದಾಗ ಮೊಮ್ಮಗ ಹಿತ್ತಾಳೆಯನ್ನು ಒಂದೊಂದಾಗಿ ಕಿತ್ತು ಮಾರುತ್ತಾನೆ. ನೀಲಿ ಮತ್ತೆ ಹೊರಗೆ ಬರುತ್ತದೆ.

ಕೊನೆಯ ಪುಟದಲ್ಲಿ ಸಾಹುಕಾರ ಆ ಬಾಗಿಲಲ್ಲಿ ನಿಂತಿದ್ದಾನೆ. ಧೋತರದ ಅಂಚು ಕೆಂಪಾಗಿದೆ. ಬಡವನಾದ ಅಂತ ನಾನು ಎಲ್ಲೂ ಬರೆಯಲಿಲ್ಲ. ಅವ್ವನಿಗೆ ಮತ್ತೆ ಓದಿದೆ. ಅಲ್ಲಿಗೆ ಬಂದಾಗ ಕೈ ಮೇಲೆತ್ತಿ ನಿಲ್ಲಿಸಿದಳು.

"ಒಗಿಯಾಕಿ ಬಿಟ್ಟು ಹೋದಳೇನು?" ಅಂದಳು.