ಎರಡು ದಿನ ಉಣ್ಣಲಿಕ್ಕೆಂದೇ ಹುಬ್ಬಳ್ಳಿ, ಗದಗ, ಧಾರವಾಡಕ್ಕೆ ಬರುವವರಿಗೆ

ಊಟಕ್ಕೆಂದೇ ಎರಡು ದಿನ ನಿಮ್ಮ ಕಡೆ ಬರುತ್ತೇವೆ ಅಂತ ಬೆಂಗಳೂರಿನ ಮಕ್ಕಳು, ಮೈಸೂರಿನ ಬೀಗರು ಫೋನ್ ಮಾಡಿದಾಗ ನಾನು ಮೊದಲು ಹೇಳುವ ಮಾತು ಒಂದೇ. ನೋಡುವ ಜಾಗದ ಪಟ್ಟಿ ಬದಿಗಿಡಿ, ಉಣ್ಣುವ ಹೊತ್ತಿನ ಪಟ್ಟಿ ಮೊದಲು ಬರೆಯಿರಿ. ನಮ್ಮ ಸೀಮೆಯಲ್ಲಿ ಒಂದೊಂದು ತಿನಿಸಿಗೂ ಒಂದೊಂದು ಹೊತ್ತಿದೆ. ರೊಟ್ಟಿ ಊಟ ಮಧ್ಯಾಹ್ನದ್ದು, ಗಿರಮಿಟ್ಟು ಮಿರ್ಚಿ ಸಂಜೆಯದು, ಸಾವಜಿ ರಾತ್ರಿಯದು, ಪೇಡೆ ಊರಿಗೆ ಹೊರಡುವ ದಿನದ್ದು. ಗುಡಿ ಸಂಜೆಗೂ ಅಲ್ಲೇ ಇರುತ್ತದೆ, ಹಂಚಿನಿಂದ ಇಳಿದ ರೊಟ್ಟಿ ಇರುವುದಿಲ್ಲ.

ಉಳಿದುಕೊಳ್ಳಲು ಹುಬ್ಬಳ್ಳಿಯೇ ಅನುಕೂಲ. ಧಾರವಾಡ 20 ಕಿಲೋಮೀಟರ್, ಚಿಗರಿ ಬಸ್ಸು ತನ್ನದೇ ದಾರಿಯಲ್ಲಿ ಓಡುತ್ತದೆ, ಟ್ರಾಫಿಕ್ಕಿನ ಚಿಂತೆಯಿಲ್ಲ. ಗದಗ ಇನ್ನೊಂದು ದಿಕ್ಕಿಗೆ, ರೈಲಿಗೂ ಬಸ್ಸಿಗೂ ಸಲೀಸು. ರೂಮು ಹಿಡಿಯುವಾಗ ಬೆಳಗಿನ ತಿಂಡಿ ಸೇರಿದ ಬಾಡಿಗೆ ಬೇಡವೇ ಬೇಡ. ದುಡ್ಡು ಕೊಟ್ಟಿದ್ದೇವಲ್ಲ ಅಂತ ಎಂಟು ಗಂಟೆಗೇ ಹೊಟ್ಟೆ ತುಂಬ ತಿಂದು ಬಂದವರು ಒಂದು ಗಂಟೆಗೆ ರೊಟ್ಟಿ ಮುಂದೆ ಸುಮ್ಮನೆ ಕೂರುವುದನ್ನು ನೋಡಿ ನನಗೆ ಹೊಟ್ಟೆ ಉರಿಯುತ್ತದೆ. ಒಂದು ತಟ್ಟೆ ಒಗ್ಗರಣೆ ಅವಲಕ್ಕಿಯೋ ಉಪ್ಪಿಟ್ಟೋ, ಒಂದು ಲೋಟ ಚಹಾ, ಅಷ್ಟು ಸಾಕು.

ಬರುವುದಾದರೆ ನವೆಂಬರಿನಿಂದ ಫೆಬ್ರುವರಿಯೊಳಗೆ ಬನ್ನಿ. ಏಪ್ರಿಲ್ ಬಿಸಿಲಿನಲ್ಲಿ ಖಾರದ ಊಟವೂ ಸೇರುವುದಿಲ್ಲ, ಕಲ್ಲಿನ ಗುಡಿಯ ಅಂಗಳದಲ್ಲಿ ಬರಿಗಾಲಲ್ಲಿ ನಡೆಯಲೂ ಆಗುವುದಿಲ್ಲ. ಚಳಿಗಾಲದಲ್ಲಿ ಇನ್ನೊಂದು ಲಾಭವಿದೆ. ಅಣ್ಣಿಗೇರಿ, ನವಲಗುಂದದ ಎರೆಹೊಲಗಳಲ್ಲಿ ಜೋಳದ ತೆನೆ ಹಾಲುಗಾಳು ಕಟ್ಟಿರುತ್ತದೆ. ಅದನ್ನು ಕೆಂಡದಲ್ಲಿ ಸುಟ್ಟು, ಉಜ್ಜಿ ಕಾಳು ಬಿಡಿಸಿದರೆ ಸೀತನಿ. ಶೇಂಗಾ ಚಟ್ನಿ, ಚೂರು ಬೆಲ್ಲದ ಜೊತೆ ತಿನ್ನಬೇಕು. ಅಂಗಡಿಯಲ್ಲಿ ಹುಡುಕಬೇಡಿ, ಪರಿಚಯದ ರೈತರಿದ್ದರೆ ಮುಂಚೆಯೇ ಕೇಳಿಕೊಳ್ಳಿ. ಕೇಳದೆ ಯಾರ ಹೊಲಕ್ಕೂ ಇಳಿಯಬೇಡಿ.

ಈಗ ರೊಟ್ಟಿಗೆ ಬರೋಣ. ಖಾನಾವಳಿ ಆರಿಸುವಾಗ ಬೋರ್ಡು ನೋಡಬೇಡಿ, ಬಾಗಿಲಲ್ಲಿ ನಿಂತು ಕಿವಿಗೊಡಿ. ಒಳಗಿಂದ ರೊಟ್ಟಿ ಬಡಿಯುವ ಸಪ್ಪಳ ಕೇಳಿಸಬೇಕು. ಬಿಸಿ ರೊಟ್ಟಿ ತಟ್ಟೆಗೆ ಬಂದ ಕೂಡಲೇ ಮುರಿಯಿರಿ, ತಣ್ಣಗಾದರೆ ನಾರಾಗುತ್ತದೆ. ಎಳೆಯ ಬದನೆಕಾಯಿಗೆ ಶೇಂಗಾ, ಎಳ್ಳು, ಗುರೆಳ್ಳಿನ ಪುಡಿ ತುಂಬಿ ಮಾಡಿದ ಎಣ್ಣೆಗಾಯಿ, ಒಂದು ಕಾಳುಪಲ್ಯ, ಕಡಲೆಹಿಟ್ಟಿನ ಝುಣಕ, ಗುರೆಳ್ಳು ಚಟ್ನಿ, ಅಗಸಿ ಚಟ್ನಿ, ಕೆಂಪು ಖಾರ, ಹಸಿ ಉಳ್ಳಾಗಡ್ಡಿ, ಮೆಂತ್ಯ ಸೊಪ್ಪು, ಗಟ್ಟಿ ಮೊಸರು. ಚಟ್ನಿಪುಡಿಯನ್ನು ಒಣಗಿದ್ದನ್ನೇ ತಿಂದು ಕೆಮ್ಮಬೇಡಿ, ನಡುವೆ ಕುಳಿ ಮಾಡಿ ಎಣ್ಣೆಯೋ ಮೊಸರೋ ಹಾಕಿ ಕಲಸಿಕೊಳ್ಳಿ. ಪಲ್ಯ ಎರಡನೇ ಸಲ ಬಡಿಸಲು ಬಂದಾಗ ಸಂಕೋಚ ಬೇಡ. ಆದರೆ ಅನ್ನ ಸಾರಿಗೆ ಜಾಗ ಉಳಿಸಬೇಕೆಂದು ರೊಟ್ಟಿ ಕಡಿಮೆ ಮಾಡಬೇಡಿ. ಅನ್ನ ನಿಮ್ಮ ಊರಲ್ಲೂ ಸಿಗುತ್ತದೆ.

ಜೊತೆಗೆ ಹಲ್ಲಿಲ್ಲದ ಹಿರಿಯರೋ ಚಿಕ್ಕ ಮಕ್ಕಳೋ ಇದ್ದರೆ ಮುಟಗಿ ಮಾಡಿಕೊಡುತ್ತೀರಾ ಅಂತ ವಿನಯದಿಂದ ಕೇಳಿ. ಬಿಸಿ ರೊಟ್ಟಿಯನ್ನು ಬೆಳ್ಳುಳ್ಳಿ, ಉಪ್ಪು, ಮೆಣಸಿನಕಾಯಿ ಜೊತೆ ಕುಟ್ಟಿ, ಎಣ್ಣೆ ಹಾಕಿ ಮುಷ್ಟಿಯಲ್ಲಿ ಹಿಡಿದ ಉಂಡೆ ಅದು. ಮಕ್ಕಳಿಗೆ ಮೆಣಸಿನಕಾಯಿ ಬಿಟ್ಟು, ಎಣ್ಣೆಯ ಬದಲು ತುಪ್ಪ ಹಾಕಿಸಿ. ಎಲ್ಲ ಕಡೆ ಮಾಡಿಕೊಡುವುದಿಲ್ಲ, ಜನಸಂದಣಿ ಇಲ್ಲದ ಹೊತ್ತಿನಲ್ಲಿ ಕೇಳಿದರೆ ಕೆಲವರು ಪ್ರೀತಿಯಿಂದ ಮಾಡುತ್ತಾರೆ.

ಬಂದಿಳಿದ ಸಂಜೆ ಹುಬ್ಬಳ್ಳಿಯ ದುರ್ಗದ ಬೈಲು ಪೇಟೆ. ಕಾರು ತರಬೇಡಿ, ನಡೆದೇ ಹೋಗಿ. ಗಿರಮಿಟ್ಟು ಕಟ್ಟಿಸಿಕೊಂಡು ರೂಮಿಗೆ ಒಯ್ಯುವವರನ್ನು ಕಂಡರೆ ತಡೆದು ನಿಲ್ಲಿಸಬೇಕು ಅನ್ನಿಸುತ್ತದೆ. ಕಲಸುವ ಕೈಯನ್ನು ಸ್ವಲ್ಪ ಗಮನಿಸಿ. ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಕರಿಬೇವಿನ ಒಗ್ಗರಣೆಗೆ ಹುಣಸೆಹುಳಿ, ಬೆಲ್ಲ ಹಾಕಿ ಕುದಿಸಿದ ಮಸಾಲೆ ಆಗಲೇ ತಯಾರಿರುತ್ತದೆ. ಚುರುಮುರಿಗೆ, ಅಂದರೆ ಮಂಡಕ್ಕಿಗೆ, ಅದನ್ನು ಸುರಿದು, ಪುಟಾಣಿ (ಹುರಿಗಡಲೆ) ಹಿಟ್ಟು ಉದುರಿಸುತ್ತಾರೆ. ಆ ಹಿಟ್ಟೇ ನೀರನ್ನು ಹೀರಿಕೊಂಡು ಮಸಾಲೆಯನ್ನು ಚುರುಮುರಿಗೆ ಅಂಟಿಸುವುದು. ಮೇಲೆ ಹಸಿ ಉಳ್ಳಾಗಡ್ಡಿ, ಕೊತ್ತಂಬರಿ, ಸೇವು. ಕೈಗೆ ಬಂದ ಮೇಲೆ ಕೆಲವೇ ನಿಮಿಷ ಅದು ಗಿರಮಿಟ್ಟು, ಆಮೇಲೆ ಮೆತ್ತಗಾದ ಚುರುಮುರಿ. ಜೊತೆಗೆ ಮಿರ್ಚಿ ಬಜ್ಜಿ ಬೇಕೇ ಬೇಕು. ತಟ್ಟೆಯಲ್ಲಿ ಪೇರಿಸಿಟ್ಟದ್ದು ಬೇಡ, ಬಾಣಲೆಯಿಂದ ಎತ್ತುವ ತನಕ ಕಾಯಿರಿ. ಎಣ್ಣೆ ಕಪ್ಪಾಗಿ ನೊರೆ ಕಟ್ಟಿದ್ದರೆ ಮುಂದಿನ ಅಂಗಡಿಗೆ ನಡೆಯಿರಿ. ಇಬ್ಬರಿಗೆ ಒಂದು ತಟ್ಟೆ ಹೇಳಿ, ತಿರುಗಾಡುತ್ತ ಹಸಿವು ಉಳಿಸಿಕೊಳ್ಳಿ.

ಮಾಂಸ ತಿನ್ನುವವರು ಅದೇ ರಾತ್ರಿ ಸಾವಜಿ ಖಾನಾವಳಿಗೆ ಹೋಗಬಹುದು. ನೇಕಾರಿಕೆ ಮಾಡಿಕೊಂಡು ಬಂದ ಎಸ್‌ಎಸ್‌ಕೆ (ಸೋಮವಂಶ ಸಹಸ್ರಾರ್ಜುನ ಕ್ಷತ್ರಿಯ) ಸಮಾಜದವರ ಅಡುಗೆ ಇದು. ಹುಬ್ಬಳ್ಳಿಯಲ್ಲೂ ಗದಗ ಬೆಟಗೇರಿಯಲ್ಲೂ ಇದಕ್ಕೆ ಹೆಸರಿದೆ. ಕೊಚ್ಚಿದ ಮಾಂಸದ ಉಂಡೆ, ಖೈಮಾ ಉಂಡಿ ತರಿಸಿ. ರಸ ಕೆಂಪಗೆ, ಖಾರ ಜೋರು. ಮೊದಲು ಒಂದು ಚಮಚ ರುಚಿ ನೋಡಿ ಆಮೇಲೆ ಅನ್ನಕ್ಕೆ ಸುರಿದುಕೊಳ್ಳಿ. ಹೊಟ್ಟೆ ನಾಜೂಕಿನವರು ರೈಲು ಹತ್ತುವ ಹಿಂದಿನ ರಾತ್ರಿ ಇದನ್ನು ಇಟ್ಟುಕೊಳ್ಳಬೇಡಿ.

ಮರುದಿನ ಬೆಳಿಗ್ಗೆ ಬೇಗ ಗದಗಿಗೆ. ದಾರಿಯ ಅಣ್ಣಿಗೇರಿಯಲ್ಲಿ ಅಮೃತೇಶ್ವರ ಗುಡಿಯಿದೆ, ಹೊತ್ತಿದ್ದರೆ ಇಳಿಯಿರಿ. ಗದಗಿನಲ್ಲಿ ವೀರನಾರಾಯಣ, ತ್ರಿಕೂಟೇಶ್ವರ ಎರಡನ್ನೂ ಮಧ್ಯಾಹ್ನ ಬಾಗಿಲು ಹಾಕುವ ಮೊದಲೇ ಮುಗಿಸಿ. ಕುಮಾರವ್ಯಾಸ ಕೂತು ಭಾರತ ಬರೆದನೆಂದು ನಂಬುವ ಕಂಬ ವೀರನಾರಾಯಣ ಗುಡಿಯಲ್ಲೇ ಇದೆ. ತ್ರಿಕೂಟೇಶ್ವರದಲ್ಲಿ ಒಂದೇ ಪೀಠದ ಮೇಲೆ ಮೂರು ಲಿಂಗ. ಅದರ ಪಕ್ಕದ ಸರಸ್ವತಿ ಗುಡಿಯ ಕಂಬಗಳ ಮೇಲಿನ ಕೆತ್ತನೆಗೆ ಮಾತ್ರ ಅರ್ಧ ಗಂಟೆ ಇಡಿ, ಅವಸರ ಮಾಡಿದರೆ ಏನೂ ಕಾಣುವುದಿಲ್ಲ. ಊಟ ಗದಗಿನಲ್ಲೇ ಮಾಡಿ, ಆಮೇಲೆ ಲಕ್ಕುಂಡಿಗೆ ಹೊರಡಿ. ಹನ್ನೆರಡು ಕಿಲೋಮೀಟರಿನೊಳಗಿನ ದಾರಿ. ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬ್ರಹ್ಮ ಜಿನಾಲಯ, ಕಾಶಿ ವಿಶ್ವೇಶ್ವರ, ಮುಸುಕಿನ ಬಾವಿ, ಎಲ್ಲವೂ ನಡೆಯುವಷ್ಟು ಹತ್ತಿರ. ರೊಟ್ಟಿ ಉಂಡ ಹೊಟ್ಟೆಗೆ ಆ ನಡಿಗೆಯೇ ಔಷಧ. ಮಜ್ಜಿಗೆಯ ಬಾಟಲಿ, ಕುದಿಸಿ ಆರಿಸಿದ ನೀರು ಜೊತೆಗಿರಲಿ. ತಿರುಗಿ ಬರುವಾಗ ಗದಗಿನಲ್ಲಿ ಬದನೆಕಾಯಿ ಬಜ್ಜಿ ಬಿಡಬೇಡಿ.

ಕೊನೆಯ ದಿನ ಧಾರವಾಡ. ಇದನ್ನು ಕೊನೆಗೆ ಇಟ್ಟದ್ದು ಪೇಡೆಗಾಗಿ. ಪ್ಲೇಗು ಬಂದಾಗ ಉತ್ತರ ಪ್ರದೇಶದ ಉನ್ನಾವ್ ಕಡೆಯಿಂದ ವಲಸೆ ಬಂದ ಠಾಕೂರ್ ಮನೆತನ 19ನೇ ಶತಮಾನದಲ್ಲಿ ಶುರು ಮಾಡಿದ ಸಿಹಿ ಇದು. ಈಗ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ಪಡೆದಿದೆ. ಲೈನ್ ಬಜಾರಿನಲ್ಲಿರುವ ಠಾಕೂರರ ಅಂಗಡಿಯ ಮುಂದೆ ಸರದಿ ನಿಲ್ಲಬೇಕಾಗುತ್ತದೆ, ಬೆಳಿಗ್ಗೆಯೇ ಹೋಗಿ. ಮಿಶ್ರಾ ಅಂಗಡಿಯವರ ಪೇಡೆ ಊರ ತುಂಬ ಸಿಗುತ್ತದೆ. ಎರಡನ್ನೂ ಸ್ವಲ್ಪ ಸ್ವಲ್ಪ ಕೊಂಡು ಮನೆಯಲ್ಲಿ ಹೋಲಿಸಿ ನೋಡಿ. ಒಳ್ಳೆಯ ಪೇಡೆ ಮುರಿದರೆ ಒಳಗೆ ಕಂದು ಬಣ್ಣ, ಹರಳುಹರಳಾಗಿರಬೇಕು, ಮೇಣದಂತೆ ಹಿಡಿದುಕೊಳ್ಳಬಾರದು. ಖೋವಾವನ್ನು ಸಕ್ಕರೆ ಜೊತೆ ಬಹಳ ಹೊತ್ತು ಹುರಿದಾಗ ಮಾತ್ರ ಆ ಬಣ್ಣ ಬರುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿದರೆ ಬೆವತು ಮೇಲಿನ ಸಕ್ಕರೆ ಕರಗುತ್ತದೆ, ಕಾಗದದ ಡಬ್ಬಿಯಲ್ಲೇ ಒಯ್ಯಿರಿ. ಹೊತ್ತಿದ್ದರೆ ಕವಿ ಬೇಂದ್ರೆಯವರ ಸಾಧನಕೇರಿಗೆ ಹೋಗಿ ಬನ್ನಿ. ಪೇರಲದ ಕಾಲವಾದರೆ ನವಲೂರಿನ ಹಣ್ಣನ್ನು ಮರೆಯಬೇಡಿ.

ಒಣಗಿಸಿದ ಗರಿಗರಿ ಕಟಕ ರೊಟ್ಟಿ, ಚಟ್ನಿಪುಡಿ ಹೊರಡುವ ದಿನವೇ ಕೊಳ್ಳಿ. ರೊಟ್ಟಿಯನ್ನು ಸೂಟ್‌ಕೇಸಿಗೆ ಹಾಕಬೇಡಿ, ಅಗಲ ಡಬ್ಬಿಯಲ್ಲಿಟ್ಟು ಕೈಯಲ್ಲೇ ಹಿಡಿಯಿರಿ. ಕಾರಿನಲ್ಲಿ ಬೆಂಗಳೂರಿಗೆ ಮರಳುವವರಿಗೆ ಹಾವೇರಿ ದಾಟಿದ ಮೇಲೆ ಬ್ಯಾಡಗಿ ಹತ್ತಿರ. ಹೊಸ ಮೆಣಸಿನಕಾಯಿ ಬರುವ ದಿನಗಳಾದರೆ ವರ್ಷದ ಖಾರಕ್ಕೆ ಅಲ್ಲೇ ಕೊಳ್ಳಿ. ಡಬ್ಬಿ ತಳಿ ಗಿಡ್ಡ, ದಪ್ಪ, ಬಣ್ಣ ಹೆಚ್ಚು, ಖಾರ ಕಡಿಮೆ. ಕಡ್ಡಿ ಉದ್ದ, ಸಣ್ಣ, ಮೈಯೆಲ್ಲ ಸುಕ್ಕು. ಒಂದು ಕಾಯಿ ಕಿವಿಯ ಹತ್ತಿರ ಅಲ್ಲಾಡಿಸಿ, ಬೀಜ ಗಲಗಲ ಅನ್ನಬೇಕು. ಬಗ್ಗಿಸಿದರೆ ಚರ್ಮದಂತೆ ಬಾಗಿದರೆ ತೇವವಿದೆ, ತೂಕಕ್ಕೆ ನೀರಿಗೆ ದುಡ್ಡು ಕೊಟ್ಟಂತೆ. ಬಿಳಿ ಕರವಸ್ತ್ರದಿಂದ ಒರೆಸಿದಾಗ ಬಣ್ಣ ಹತ್ತಿದರೆ ಬೇಡ ಅನ್ನಿ. ಮನೆಗೆ ಬಂದ ಮೇಲೆ ಎರಡು ಬಿಸಿಲು ತೋರಿಸಿ, ತೊಟ್ಟು ಮುರಿಯದೆ ಬಿಗಿ ಮುಚ್ಚಳದ ಡಬ್ಬಕ್ಕೆ ತುಂಬಿ. ಪುಡಿ ಮಾತ್ರ ತಿಂಗಳಿಗೆ ಬೇಕಾದಷ್ಟೇ ಮಾಡಿಸಿ, ಮೊದಲೇ ಬೀಸಿಟ್ಟರೆ ಬಣ್ಣ ಬಿಡುತ್ತದೆ.