ಅಟ್ಟದಲ್ಲಿ ಸಿಕ್ಕ ಹಳೇ ಕಬ್ಬಿಣ: ಯಾವ ಸಲಕರಣೆ ಎಂದು ಪತ್ತೆ ಹಚ್ಚುವುದು ಹೇಗೆ?

ಅಟ್ಟ ಗುಡಿಸುವಾಗಲೋ ಕೊಟ್ಟಿಗೆ ಕೆಡವುವಾಗಲೋ ತುಕ್ಕು ಹಿಡಿದ ಸಾಮಾನೊಂದು ಸಿಗುತ್ತದೆ. ಏನೆಂದು ಮನೆಯಲ್ಲಿ ಯಾರಿಗೂ ತಿಳಿಯದು. ಕೂಡಲೇ ಉಪ್ಪುಕಾಗದ ಹಿಡಿದು ಉಜ್ಜುವವರೇ ಹೆಚ್ಚು. ಅದೊಂದನ್ನು ಮಾಡಬೇಡಿ. ಸಲಕರಣೆ ಯಾವ ಕೆಲಸಕ್ಕೆ ಬರುತ್ತಿತ್ತು ಎಂದು ಹೇಳುವುದು ಅದರ ಸವೆತ. ಉಜ್ಜಿದರೆ ಮೊದಲು ಹೋಗುವುದೇ ಅದು. ಹುಣಸೆ, ನಿಂಬೆರಸವೂ ಬೇಡ. ಹುಳಿ ತುಕ್ಕಿನ ಜತೆ ಕಬ್ಬಿಣವನ್ನೂ ತಿಂದು ಕಮ್ಮಾರ ಒತ್ತಿದ ಗುರುತನ್ನು ಮಾಸಿಸುತ್ತದೆ.

ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ನಾಲ್ಕೂ ಕಡೆಯಿಂದ ಫೋಟೊ ತೆಗೆಯಿರಿ. ತೂಕ ಬರೆದಿಡಿ. ಜತೆಗೆ ಏನೇನಿತ್ತು ಎಂಬುದನ್ನೂ ಬರೆಯಿರಿ. ಎತ್ತಿನಗಾಡಿಯ ಸಾಮಾನಿನ ನಡುವೆ ಸಿಕ್ಕಿದ್ದು ಬಹುತೇಕ ಗಾಡಿಯದ್ದೇ. ಮರದ ಹಿಡಿ ಇಲ್ಲದಿದ್ದರೆ ಒಂದು ರಾತ್ರಿ ಸೀಮೆಎಣ್ಣೆಯಲ್ಲಿ ನೆನೆಸಿ, ನೈಲಾನ್ ಬ್ರಷ್‌ನಿಂದ ಸಡಿಲ ತುಕ್ಕನ್ನಷ್ಟೇ ತೆಗೆದು, ಒಣಗಿಸಿ, ಹೊಲಿಗೆ ಯಂತ್ರದ ಎಣ್ಣೆಯನ್ನು ತೆಳುವಾಗಿ ಸವರಿ.

ಈಗ ಹಿಡಿ ಎಲ್ಲಿತ್ತು ನೋಡಿ. ಕಾವು (ಮರದ ಹಿಡಿ) ತೂರಿಸುವ ದಪ್ಪ ಕಣ್ಣು, ಅಂದರೆ ತೂತು, ಇದ್ದರೆ ಅದು ಬೀಸಿ ಹೊಡೆಯುವ ಸಲಕರಣೆ. ಬಾಯಿ (ಕಡಿಯುವ ಅಂಚು) ಕಾವಿನ ನೇರಕ್ಕಿದ್ದರೆ ಕೊಡಲಿ, ಅಡ್ಡಕ್ಕಿದ್ದರೆ ಬಾಚಿ ಅಥವಾ ಗುದ್ದಲಿ. ಹಿಂಬದಿ ಬಾಲದಂತೆ ಚೂಪಾಗಿದ್ದರೆ ಮರದ ಹಿಡಿಯೊಳಗೆ ಹೊಕ್ಕಿತ್ತು ಎಂದರ್ಥ: ಕತ್ತಿ, ಕುಡುಗೋಲು, ಉಳಿ. ತಲೆ ಚಪ್ಪಟೆಯಾಗಿ ಅಂಚು ಹೊರಕ್ಕೆ ಮಡಚಿದ್ದರೆ ಸುತ್ತಿಗೆ ಪೆಟ್ಟು ತಿಂದ ಉಳಿ ಇಲ್ಲವೇ ಬೆಣೆ.

ಬಾಯಿಯೇ ಇಲ್ಲದಿದ್ದರೆ ಅದು ಹಿಡಿಯುವ, ಎತ್ತುವ ಅಥವಾ ಬಂಧಿಸುವ ಸಾಮಾನು. ಜನ ಹೆಚ್ಚಾಗಿ ಗೊಂದಲಕ್ಕೆ ಬೀಳುವುದೇ ಇಂಥವುಗಳಲ್ಲಿ.

ಮೇಲೊಂದು ಬಳೆ, ಕೆಳಗೆ ಗೊಂಚಲು ಗೊಂಚಲಾಗಿ ಮೇಲ್ಮುಖ ಕೊಕ್ಕೆಗಳಿದ್ದರೆ ಅದು ಪಾತಾಳಗರಡಿ. ಬಾವಿಗೆ ಬಿದ್ದ ಕೊಡ, ಬಿಂದಿಗೆ ಎತ್ತುವಂಥದ್ದು. ದೋಣಿಯ ಲಂಗರು ಎಂದುಕೊಳ್ಳುವವರಿದ್ದಾರೆ. ಲಂಗರಿನ ದಂಡ ದಪ್ಪ, ಕೈಗಳು ಕೆಲವೇ. ಗರಡಿಯಲ್ಲಿ ಸಣ್ಣ ಕೊಕ್ಕೆಗಳು ಹಲವು. ಕೊಕ್ಕೆಯ ತುದಿಗೆ ಬೆರಳಿಟ್ಟು ನೋಡಿ, ಮೊಂಡಾಗಿರುತ್ತದೆ: ಕೊಡದ ಕಂಠಕ್ಕೆ ಸಿಕ್ಕಿಕೊಂಡರೆ ಸಾಕು, ಚುಚ್ಚಬೇಕಿಲ್ಲ.

ಅರ್ಧಚಂದ್ರದಂಥ ತೆಳು ತಗಡು, ಹೊರಅಂಚಿಗೆ ಮಾತ್ರ ಮೊಳೆ ತೂತು ಇದ್ದರೆ ಅದು ಎತ್ತಿನ ಲಾಳ. ಗೊರಸು ಸೀಳಿರುವುದರಿಂದ ಕಾಲಿಗೆ ಎರಡರಂತೆ ಎತ್ತೊಂದಕ್ಕೆ ಎಂಟು ಬೇಕು. ಒಂದೇ ಸಿಕ್ಕಾಗ ಬೀಗದ ಮುರುಕಿನಂತೆ ಕಾಣುತ್ತದೆ.

ಬೆರಳುದಪ್ಪದ ಸರಳು, ಒಂದು ತುದಿ ಉಬ್ಬಿ ಇನ್ನೊಂದು ಸಣ್ಣಗಾಗಿದ್ದರೆ ಬೆಳಕಿನೆದುರು ನಿಧಾನಕ್ಕೆ ತಿರುಗಿಸಿ. ನಡುವೆ ಒಂದೇ ಮಗ್ಗುಲು ನುಣುಪಾಗಿ ತಗ್ಗಿದ್ದರೆ ಅದು ಗಾಡಿಯ ಕಡಾಣಿ. ಅಚ್ಚಿನ ತುದಿಯ ತೂತಿಗೆ ಸಿಕ್ಕಿಸಿ ಚಕ್ರ ಕಳಚದಂತೆ ತಡೆಯುವುದು ಇದೇ. ಚಕ್ರದ ಗುಂಭ (ನಡುವಿನ ದಿಮ್ಮಿ) ಸದಾ ಒಳಮಗ್ಗುಲಿಗೇ ತಿಕ್ಕುವುದರಿಂದ ಸವೆತವೂ ಅಲ್ಲಷ್ಟೇ. ಉಜ್ಜಿ ಹೊಳಪಿಸಿದ ಕಡಾಣಿಯನ್ನು ಮಾಮೂಲಿ ಗೂಟದಿಂದ ಬೇರೆ ಮಾಡುವುದು ಬಹಳ ಕಷ್ಟ.

ಕಾಲ ಅಂದಾಜಿಸಲು ಅದನ್ನು ಹೇಗೆ ಮಾಡಿದ್ದಾರೆ ನೋಡಿ. ಬಡಿದು ಮಾಡಿದ್ದರಲ್ಲಿ ಸುತ್ತಿಗೆಯ ತಗ್ಗುಗಳಿದ್ದು ದಪ್ಪ ಒಂದೇ ಸಮ ಇರುವುದಿಲ್ಲ. ಎರಕದ್ದರಲ್ಲಿ ಅಚ್ಚು ಕೂಡಿದ ಗೆರೆ ಉಳಿದಿರಬಹುದು. ತೂಕದ ಬಟ್ಟಿನ ಮೇಲೆ ಸೇರು, ತೊಲ ಎಂದಿದ್ದರೆ ಅದು ಹೆಚ್ಚಾಗಿ ಮೆಟ್ರಿಕ್ ಪದ್ಧತಿ ಬರುವ ಮುಂಚಿನದು. ಅದಕ್ಕೆ ಕಾನೂನಾದದ್ದು 1956ರಲ್ಲಿ. ತುಕ್ಕಿನ ದಪ್ಪ ನೋಡಿ ಮಾತ್ರ ವಯಸ್ಸು ಹೇಳಬೇಡಿ, ಕರಾವಳಿಯ ಹವೆ ಕೆಲವೇ ಮಳೆಗಾಲದಲ್ಲಿ ಹೊಸ ಕತ್ತಿಯನ್ನೂ ಮುದಿಯಾಗಿಸುತ್ತದೆ.

ಇನ್ನೂ ತಿಳಿಯದಿದ್ದರೆ ಕುಲುಮೆ ನಡೆಸುವ ಹಿರಿಯರಿಗೆ ವಸ್ತುವನ್ನೇ ಒಯ್ದು ತೋರಿಸಿ. ರಾಮನಗರದ ಜಾನಪದ ಲೋಕದಲ್ಲಿ ಬೇಸಾಯ ಮತ್ತು ಮನೆಬಳಕೆಯ ಹಳೆಯ ಸಾಮಾನುಗಳಿವೆ, ಹೋಲಿಸಿ ನೋಡಬಹುದು. ನೆಲ ಅಗೆಯುವಾಗ ಬೆಲೆಬಾಳುವ ಪುರಾತನ ವಸ್ತು ಸಿಕ್ಕಿದರೆ ಕರ್ನಾಟಕದ 1962ರ ನಿಧಿ ಕಾಯ್ದೆಯಂತೆ ಜಿಲ್ಲಾಧಿಕಾರಿಗೆ ತಿಳಿಸಬೇಕು. ಗುಂಡು, ಶೆಲ್‌ನಂಥದ್ದು ಕಂಡರೆ ಮುಟ್ಟದೆ ದೂರ ಸರಿದು ಪೊಲೀಸರನ್ನು ಕರೆಯಿರಿ.