ಲಂಡನ್ ನೆಲದಡಿಯ ರೋಮನ್ ಗೋರಿಯನ್ನು ಬಿಡಿಸುವ ಕ್ರಮ

ಊರೊಳಗೆ ಹೆಣ ಹೂಳಬಾರದು, ಸುಡಲೂಬಾರದು ಎಂಬುದು ರೋಮನ್ನರ ಹಳೆಯ ಕಟ್ಟಳೆ. ಅದಕ್ಕೇ ಅವರ ಕಾಲದ ಲಂಡನ್ನಿನ ಗೋರಿಗಳೆಲ್ಲ ಕೋಟೆಬಾಗಿಲಾಚೆ, ಹೆದ್ದಾರಿಯ ಇಕ್ಕೆಲಗಳಲ್ಲಿ. ಲಂಡನ್ ಬೆಳೆದು ಆ ರಸ್ತೆಗಳನ್ನು ನುಂಗಿತು. ಈಗ ಬಿಷಪ್ಸ್‌ಗೇಟ್, ಆಲ್ಡ್‌ಗೇಟ್ ಕಡೆ ಪಾಯ ತೋಡುವಾಗ ಮೂಳೆ ಕಂಡರೆ ಅಚ್ಚರಿಯೇನಿಲ್ಲ. ಕಂಡಕೂಡಲೇ ಕೆಲಸ ನಿಲ್ಲಿಸಿ. ನ್ಯಾಯ ಇಲಾಖೆಯ ಪರವಾನಗಿಯಿಲ್ಲದೆ ಮೂಳೆ ಎತ್ತುವಂತಿಲ್ಲ.

ಮೊದಲು ಗುಂಡಿಯ ಅಂಚು ಹುಡುಕಿ. ಕರಣೆಯಿಂದ ಮೇಲ್ಮೈ ಹೆರೆದು ನೀರು ಚಿಮುಕಿಸಿದರೆ, ತುಂಬಿದ ಮಣ್ಣಿನ ಬಣ್ಣ ಸುತ್ತಲಿನ ನೆಲಕ್ಕಿಂತ ಬೇರೆಯಾಗಿ ಕಾಣುತ್ತದೆ. ಗೋರಿಯ ಮೇಲೆ ಗೋರಿ ಬಿದ್ದಿದ್ದರೆ ಕೊನೆಗೆ ತೋಡಿದ್ದನ್ನೇ ಮೊದಲು ಬಿಡಿಸಿ. ಈ ಕ್ರಮ ತಪ್ಪಿದರೆ ಒಬ್ಬರ ಕಾಲು ಇನ್ನೊಬ್ಬರ ಚೀಲ ಸೇರುತ್ತದೆ.

ಮರದ ಪೆಟ್ಟಿಗೆ ಸಾಮಾನ್ಯವಾಗಿ ಕೊಳೆತುಹೋಗಿರುತ್ತದೆ, ಉಳಿಯುವುದು ಮೊಳೆಗಳಷ್ಟೇ. ಕಂಡ ಮೊಳೆಯನ್ನು ಕಿತ್ತು ಚೀಲಕ್ಕೆ ಹಾಕುವುದು ಹೊಸಬರು ಮಾಡುವ ತಪ್ಪು. ಅಲ್ಲೇ ಬಿಟ್ಟು ನಂಬರ್ ಕೊಟ್ಟು, ಜಾಗ, ಆಳ, ಮೊನೆ ತಿರುಗಿದ ದಿಕ್ಕು ಬರೆದುಕೊಳ್ಳಿ. ಇಲ್ಲದ ಪೆಟ್ಟಿಗೆಯ ಆಕಾರ ಆ ಸಾಲಿನಲ್ಲೇ ಸಿಗುತ್ತದೆ. ತುಕ್ಕನ್ನು ಉಜ್ಜಬೇಡಿ, ಮರದ ಎಳೆ ಅದರಲ್ಲಿ ಅಚ್ಚೊತ್ತಿರಬಹುದು. ಪಾದದ ಬಳಿ ಸಣ್ಣ ಮೊಳೆಗಳ ಗುಂಪಿದ್ದರೆ ಅದು ಪಾದರಕ್ಷೆಯ ಅಟ್ಟೆ. ಮಣ್ಣಿನ ಗಟ್ಟಿಯ ಸಮೇತ ಎತ್ತಿ.

ಮೂಳೆಯ ಹತ್ತಿರ ಕಬ್ಬಿಣ ಬೇಡ. ಮರ ಅಥವಾ ಬಿದಿರಿನ ಕಡ್ಡಿ, ಮೆತ್ತನೆಯ ಬ್ರಷ್ ಸಾಕು. ರೋಮನ್ ಬ್ರಿಟನ್ನಿನ ಕೆಲವು ಗೋರಿಗಳಲ್ಲಿ ತಲೆಯನ್ನು ಕತ್ತರಿಸಿ ಕಾಲ ಬಳಿ ಇಟ್ಟಿದ್ದಾರೆ. ಕತ್ತಿನ ಮೂಳೆಯ ಮೇಲೆ ನಿಮ್ಮ ಕರಣೆ ಗೀರಿದರೆ, ಯಾವುದು ಹಳೆಯ ಕತ್ತಿಯ ಗುರುತು ಎಂಬ ಗೊಂದಲ ಶುರು.

ಅಳತೆಗೋಲು, ಉತ್ತರದ ಬಾಣ ಇಟ್ಟು ಫೋಟೊ ತೆಗೆದು, 1:10 ಅಳತೆಯಲ್ಲಿ ನಕ್ಷೆ ಬರೆದ ಮೇಲಷ್ಟೇ ಮೂಳೆ ಎತ್ತಿ. ಅದಕ್ಕೂ ಮುಂಚೆ ಕಿಬ್ಬೊಟ್ಟೆಯಿದ್ದ ಜಾಗದ ಮಣ್ಣನ್ನು ಬೇರೆ ತೆಗೆದಿಡಿ, ಕರುಳಿನ ಹುಳುಗಳ ಮೊಟ್ಟೆ ಅಲ್ಲಿರಬಹುದು. ಅದು ಹೊಟ್ಟೆಯದೋ ಸುತ್ತಲ ಮಣ್ಣಿನದೋ ಎಂದು ಹೋಲಿಸಲು ತಲೆ, ಪಾದಗಳ ಬಳಿಯ ಮಣ್ಣೂ ಬೇಕು. ಎಡಗೈ, ಬಲಗೈ, ಎಡಪಾದ, ಬಲಪಾದಕ್ಕೆ ಒಂದೊಂದು ಚೀಲ. ಬೆರೆತರೆ ಬೆರಳ ಮೂಳೆಗಳನ್ನು ಬೇರ್ಪಡಿಸುವುದು ತಲೆನೋವು. ತಲೆಬುರುಡೆಯೊಳಗಿನ ಮಣ್ಣನ್ನು ಹಸಿಯಿರುವಾಗಲೇ ತೆಗೆಯಿರಿ, ಒಣಗಿ ಗಟ್ಟಿಯಾದರೆ ಬುರುಡೆ ಒಡೆಯುತ್ತದೆ. ತೊಳೆದದ್ದನ್ನು ನೆರಳಲ್ಲಿ ಒಣಗಿಸಿ. ಹಲ್ಲಿನ ಪಾಚಿಯನ್ನು ಮುಟ್ಟಬೇಡಿ.

ಸೀಸದ ಪೆಟ್ಟಿಗೆ ಸಿಕ್ಕರೆ ನಿವೇಶನದಲ್ಲಿ ತೆರೆಯಲೇಬೇಡಿ. 1999ರಲ್ಲಿ ಲಂಡನ್ನಿನ ಸ್ಪಿಟಲ್‌ಫೀಲ್ಡ್ಸ್‌ನಲ್ಲಿ ಕಲ್ಲಿನ ತೊಟ್ಟಿಯೊಳಗೆ, ಚಿಪ್ಪಿನ ಚಿತ್ತಾರದ ಅಂಥದೊಂದು ಸಿಕ್ಕಿತು. ಅದನ್ನು ಮ್ಯೂಸಿಯಂಗೆ ಒಯ್ದು ತೆರೆದರು. ಒಳಗಿದ್ದ ತರುಣಿಯ ತಲೆಯಡಿ ಬೇ ಎಲೆಗಳ ದಿಂಬು, ಜೊತೆಗೆ ಚಿನ್ನದ ಎಳೆಯ ಬಟ್ಟೆಯ ತುಣುಕುಗಳು. ರಸ್ತೆಬದಿಯಲ್ಲಿ, ಗಾಳಿಗೆ ಮುಚ್ಚಳ ಎತ್ತಿದ್ದರೆ ಆ ಎಲೆಗಳು ಎಷ್ಟು ಉಳಿಯುತ್ತಿದ್ದವು ಹೇಳಿ! ಸೀಸ ವಿಷ, ಕೈಗವಸು ಕಡ್ಡಾಯ.